ಪುಷ್ಪಕ್ಕನ ಕೈಗುಣ

“ಸಾಯೋದೇ ಆದ್ರೆ ಭದ್ರಾವತೀಲೇ ಸಾಯ್ಬಹುದಿತ್ತಲ್ಲ! ನನ್ನ ಯಾಕೆ ಶಿವಮೊಗ್ಗಕ್ಕೆ ಎಳ್ಕೊಂಡು ಬಂದೆ?” ಎಂದು ಅಕ್ಕನ ಮೇಲೆ ರೇಗಿದೆ.

“ಎಳ್ಕೊಂಡು ಬಂದೋನು ನೀನು ಕಣೋ. ನಾನೇನು ಕರೆದಿದ್ನಾ?” ಅಕ್ಕ ಮೊಣಕೈ ಕೆರೆದುಕೊಳ್ಳುತ್ತ ಅಂದಳು.

ಸ್ಕ್ಯಾನಿಂಗ್ ಮುಗಿಸಿ ವಿನೋಬನಗರದ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆವು. ಕಣ್ಣು ಹಳದಿಯಾಗಿ, ಮೈಯೆಲ್ಲ ನವೆಯೆದ್ದು ತಿಂಗಳಾದರೂ ಪುಷ್ಪಕ್ಕ ತನ್ನ ಮದ್ದನ್ನೇ ಕುಡಿಯುತ್ತಿದ್ದಳು. ಭದ್ರಾವತಿ ಕಡೆಯ ಜನ ಕಾಮಾಲೆಗೆ ಅವಳ ಬಾಗಿಲಿಗೇ ಬರುವುದು. ನೆಲನೆಲ್ಲಿ ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕೊಡುತ್ತಾಳೆ, ಊಟದಲ್ಲಿ ಎಣ್ಣೆ ಬಿಡಿಸುತ್ತಾಳೆ, ಕಾಸು ಮುಟ್ಟುವುದಿಲ್ಲ. ಕೊಡುವವಳೇ ಬೇರೆಯವರ ಔಷಧಿ ತಗೊಂಡರೆ ಕೈಗುಣ ಹೋಗುತ್ತದೆ ಎಂದು ಅಮ್ಮ ಹೇಳಿದ್ದಳಂತೆ. ಅದಕ್ಕೇ ಈ ಹಠ.

ಡಾಕ್ಟರ್ ಶ್ರೀಗೌರಿ ಒಳಗೆ ಕರೆದರು.

“ಅಮ್ಮ, ಇದು ನೀವು ಮದ್ದು ಕೊಡೋ ಕಾಮಾಲೆ ಅಲ್ಲ. ಲಿವರ್ ಮಾಡೋ ಪಿತ್ತ ಒಂದು ನಾಳದಲ್ಲಿ ಕರುಳಿಗೆ ಇಳೀಬೇಕು. ನಿಮ್ಮ ನಾಳದಲ್ಲಿ ಕಲ್ಲು ಕೂತಿದೆ. ದಾರಿ ಇಲ್ದೆ ಪಿತ್ತ ರಕ್ತಕ್ಕೆ ಸೇರ್ತಿದೆ, ಅದಕ್ಕೇ ಹಳದಿ, ನವೆ. ಕರುಳಿಗೆ ಹೋಗ್ತಿಲ್ಲ, ಅದಕ್ಕೇ ಮಲ ಬೆಳ್ಳಗೆ.”

“ಮುಂದೆ ದಾರಿ ಇಲ್ಲ ಅಂದ್ಮೇಲೆ ಲಿವರ್ ಯಾಕಮ್ಮ ಮಾಡ್ತಾನೇ ಇರುತ್ತೆ?”

“ಒತ್ತಡ ಏರಿದಂಗೆ ಕಡಿಮೆ ಮಾಡುತ್ತೆ. ಆದ್ರೆ ಒಳಗೇ ನಿಂತ ಪಿತ್ತ ಲಿವರನ್ನೇ ಕೆಡಿಸುತ್ತೆ. ಕೀವಾದ್ರೆ ಜೀವಕ್ಕೇ ಅಪಾಯ. ಬಾಯಿಂದ ನಳಿಗೆ ಬಿಟ್ಟು ಕಲ್ಲು ತೆಗೆದ್ರೆ ಮತ್ತೆ ಇಳಿಯುತ್ತೆ. ಇವತ್ತೇ ಮಾಡೋಣ.”

ಅಕ್ಕ ಮತ್ತೆ ಮೊಣಕೈ ಕೆರೆದುಕೊಂಡಳು. “ಆಯ್ತು, ಮಾಡಿ. ಸಾಕಾಗಿದೆ ನಂಗೂ.”

ನರ್ಸ್ ಹಾಸಿಗೆ ತೋರಿಸಿದಳು. ಬೆಳಗಿನಿಂದ ಕೂಗಿ ಕೂಗಿ ನನ್ನ ಗಂಟಲು ಒಣಗಿತ್ತು. ಆದರೂ ಬಾಯಿ ನಿಲ್ಲಲಿಲ್ಲ.

“ಡಾಕ್ಟ್ರೇ, ಹಂಗಾದ್ರೆ ಇವಳ ಸೊಪ್ಪಿಗೆ ವಾಸಿಯಾದೋರು?”

“ಎಷ್ಟೋ ಸಲ ಕಾಮಾಲೆ ತಾನಾಗೇ ಇಳಿಯುತ್ತೆ,” ಅಂದರು ಡಾಕ್ಟರು, ಮೆಲ್ಲಗೆ.

“ಕೇಳಿದ್ಯಾ ಅಕ್ಕ? ನೀನು ಅರೆದ್ರೂ ಅಷ್ಟೇ, ಅರೀದಿದ್ರೂ ಅಷ್ಟೇ. ದೊಡ್ಡ ಪಂಡಿತೆ!”

ಅಕ್ಕ ನನ್ನ ಕಡೆ ನೋಡಲಿಲ್ಲ. “ನನ್ನ ಕೈಯಿಂದ ಒಬ್ರೂ ಬದುಕ್ಲಿಲ್ವೇನಮ್ಮಾ?” ಎಂದು ಡಾಕ್ಟರನ್ನು ಕೇಳಿದಳು.

“ಅದು ಹೇಳೋಕಾಗಲ್ಲ ಅಮ್ಮ.”

ಅಕ್ಕ ಸೆರಗು ಹೊದ್ದುಕೊಂಡು ಎದ್ದಳು. ಬಾತ್‌ರೂಮಿಗಿರಬೇಕು ಅಂದುಕೊಂಡೆ. ಹಿಂದೆ ಹೋಗದೆ ಹಾಸಿಗೆಯ ಪಕ್ಕದಲ್ಲೇ ಕೂತೆ.

ನರ್ಸ್ ಎರಡು ಸಲ ಬಂದು ಕೇಳಿದಳು. ಬರ್ತಾಳೆ ಅಂದೆ. ಆಮೇಲೆ ಗೇಟಿನವನು ಹೇಳಿದ, ಅಕ್ಕ ಭದ್ರಾವತಿ ಬಸ್ ಎಲ್ಲಿ ನಿಲ್ಲುತ್ತೆ ಅಂತ ಕೇಳಿಕೊಂಡು ಹೋದಳಂತೆ. ಸಂಜೆ ಆ ಹಾಸಿಗೆಗೆ ಆಯನೂರಿನ ಯಾರನ್ನೋ ಮಲಗಿಸಿದರು.