ಎಡಗಡೆಯ ಕುರ್ಚಿ

ಬ್ಯಾಡಗಿಯ ಹಳೇ ಟಾಕೀಸಿಗೆ ಸರೌಂಡ್ ಸೌಂಡ್ ಬಂದದ್ದು ಊರಿಗೆಲ್ಲ ಸಂಭ್ರಮ. ಆಪರೇಟರ್ ಉಡಚಪ್ಪನಿಗೆ ಮಾತ್ರ ದಿಗಿಲು. ಪ್ರಾಯವೆಲ್ಲ ರೀಲಿನ ಪ್ರೊಜೆಕ್ಟರಿನ ಪಕ್ಕ ನಿಂತೇ ಕಳೆದವನು ಅವನು. ಆ ಮಷೀನಿನ ಕಟಕಟ ಅವನ ಎಡಗಿವಿಯನ್ನು ನುಂಗಿ ನೀರು ಕುಡಿದಿತ್ತು. ಬಲಗಿವಿಯೊಂದರಲ್ಲೇ ಬಾಳುವೆ ಸಾಗಿತ್ತು. ಸದ್ದು ಕೇಳಿಸುತ್ತಿತ್ತು, ಯಾವ ದಿಕ್ಕಿನಿಂದ ಎಂಬುದು ಮಾತ್ರ ಗೊತ್ತಾಗುತ್ತಿರಲಿಲ್ಲ. ಇದನ್ನು ಅವನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಹೊಸ ಪ್ರೊಜೆಕ್ಟರು ಗುಂಡಿ ಒತ್ತಿದರೆ ತಾನೇ ಓಡುತ್ತದೆ. “ಇನ್ನ ನೀ ಹಾಲಿನ್ಯಾಗ ಕುಂತು ಸೌಂಡ್ ನೋಡ್ಕೋಬೇಕು, ಉಡಚಪ್ಪ. ಅದ ನಿನ್ನ ಕೆಲಸ,” ಎಂದಿದ್ದರು ಮಾಲಕಿ ಮಹಮೂದಾಬೇಗಂ. ಅಂದರೆ ಕಿವಿ ಹೋದರೆ ಕೆಲಸವೂ ಹೋದಂತೆಯೇ.

ಸ್ಪೀಕರ್ ಕೂಡಿಸಲು ರಾಣೆಬೆನ್ನೂರಿನಿಂದ ಬಂದ ಸುಭಾಷ ಅವನನ್ನು ಹಾಲಿನ ನಡುವೆ ಕೂರಿಸಿದ. ಒಂದೊಂದೇ ಸ್ಪೀಕರಿನಲ್ಲಿ ಸದ್ದು ಬಿಡುತ್ತ ಎಲ್ಲಿಂದ ಬಂತೆಂದು ಕೇಳಿದ. ಮೊದಲು ಮುಂದಿನದು, ಆಮೇಲೆ ಎಡದ್ದು, ಬಲದ್ದು, ಹಿಂದಿನದು. ಉಡಚಪ್ಪ ಸುಭಾಷನ ಬಾಯಿಂದ ಈ ಸರದಿಯನ್ನು ಮೊದಲೇ ಕೇಳಿ ಇಟ್ಟುಕೊಂಡಿದ್ದ. ಎರಡನೆಯ ಸದ್ದಿಗೆ, ಸರದಿ ತಪ್ಪದೆ, “ಎಡಗಡೆ” ಎಂದ.

“ಕಾಕಾ, ವೈರ್ ಅದಲುಬದಲಾಗೈತ್ರಿ. ಸದ್ದು ಬಂದದ್ದು ಬಲಗಡೆ ಗ್ವಾಡಿಯಿಂದ,” ಎಂದ ಸುಭಾಷ.

ಹಿಂದಿನ ಸಾಲಿನಲ್ಲಿ ಕೂತಿದ್ದ ಬೇಗಂ ಅವನನ್ನೇ ನೋಡುತ್ತಿದ್ದರು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ.

“ಅಕ್ಕಾರ, ನನಗ ಎಡಗಿವಿ ಕೇಳಂಗಿಲ್ರಿ. ಭಾಳ ವರ್ಷ ಆತು. ಕೆಲಸದಿಂದ ತಗೀತೀರಿ ಅಂತ ಹೇಳಿದ್ದಿಲ್ಲ.”

ಬೇಗಂ ಎದ್ದು ಬಾಗಿಲಿಗೆ ಹೋಗಿ, ಕ್ಯಾಂಟೀನಿನಲ್ಲಿ ಮಿರ್ಚಿ ಕರಿಯುತ್ತಿದ್ದ ಅವನ ಹೆಂಡತಿಯನ್ನು ಕರೆದರು. “ದ್ರಾಕ್ಷಾಯಿಣಿ, ಗ್ಯಾಸ್ ಆರಿಸಿ ಬಾ.”

ಕೈ ಒರೆಸಿಕೊಳ್ಳುತ್ತ ಬಂದವಳಿಗೆ ವಿಷಯ ತಿಳಿಸಿ, “ಗಂಡನ ಎಡಗಡೆ ಕುಂದ್ರು. ಅಂವಗ ತಿಳೀದದ್ದು ನೀ ಹೇಳು. ದಿನಾ ಮೊದಲನೇ ಆಟ ಇಬ್ಬರೂ ಕೂಡೇ ನೋಡ್ರಿ. ಅಲ್ಲೀತನಕ ಮಿರ್ಚಿ ನಾ ಕರೀತೇನಿ,” ಎಂದರು.

“ಮತ್ತ ನನ್ನ ಕೆಲಸರಿ?” ಎಂದ ಉಡಚಪ್ಪ.

“ಅದೆಲ್ಲಿ ಹೋಗ್ಯದ?”

ದ್ರಾಕ್ಷಾಯಿಣಿ ಕುರ್ಚಿಯ ತುದಿಯಲ್ಲಿ, ನೆಂಟರ ಮನೆಗೆ ಬಂದವಳ ಹಾಗೆ ಕೂತಳು. ಪಾಪ, ಮದುವೆಯಾದಾಗಿನಿಂದ ಇದೇ ಟಾಕೀಸಿನಲ್ಲಿ ಗಂಡ ಮೇಲೆ ಪ್ರೊಜೆಕ್ಟರಿನ ಕೋಣೆಯಲ್ಲಿ, ಹೆಂಡತಿ ಕೆಳಗೆ ಕ್ಯಾಂಟೀನಿನಲ್ಲಿ. ಅವನಿಗೆ ಇಂಟರ್ವಲ್ಲಿನಲ್ಲಿ ಬಿಡುವಾದರೆ ಆಗಲೇ ಅವಳಿಗೆ ಮೈತುಂಬ ಕೆಲಸ. ಊರಿಗೆಲ್ಲ ಸಿನಿಮಾ ತೋರಿಸಿದವನು ಹೆಂಡತಿಯ ಪಕ್ಕ ಕೂತು ಒಂದನ್ನೂ ನೋಡಿರಲಿಲ್ಲ.

ಸುಭಾಷ ವೈರು ಸರಿಮಾಡಿ ಸಿನಿಮಾ ಹಚ್ಚಿದ. ಪರದೆಯ ಮೇಲೆ ಮಳೆ ಶುರುವಾಯಿತು.

“ಎಡಗಡೆ ಬಂತೇನು?” ಎಂದು ಉಡಚಪ್ಪ ಕೇಳಿದ. ಉತ್ತರ ಬರಲಿಲ್ಲ. ಬಂದರೂ ಆ ಕಿವಿಗೆ ಎಲ್ಲಿ ಕೇಳಬೇಕು ಎಂದುಕೊಂಡು ಮುಖ ಪೂರ್ತಿ ತಿರುಗಿಸಿ ನೋಡಿದ. ಅವಳ ಕಣ್ಣು ತುಂಬಿತ್ತು.

“ಬಂತೋ ಇಲ್ಲೋ, ಹೇಳ.”

“ಬರಾಕತ್ತೈತಿ. ನೀವು ಸುಮ್ಮನ ಕುಂದ್ರಿ. ಸಿನಿಮಾ ನೋಡೂಣು.”