ತಗ್ಗು ಸೀಟಿನ ಕಾರು

ಮಾರುವ ಮೊದಲು ಹಳೆಯ ಕಾರನ್ನೊಮ್ಮೆ ತೊಳೆದುಬಿಡು ಎಂದು ಭಾವಮೈದ ಹೇಳಿ ವಾರವಾಗಿತ್ತು. ಮಿಲ್ಲಿನವನು ಇನ್ನೂ ಬಕೆಟ್ಟಿಗೆ ಕೈಹಾಕಿರಲಿಲ್ಲ. ಹಿಂದಿನ ಸೀಟಿನ ಮೇಲೆ ಆಮ್ಲಜನಕದ ಮಿಷನ್ನಿನ ರಬ್ಬರ್ ಕಾಲುಗಳು ಒತ್ತಿ ಒತ್ತಿ ಕುಳಿ ಬಿದ್ದಿದ್ದವು. ಕಿಟಕಿಯ ಅಂಚಿನಲ್ಲಿ ತಂತಿ ಉಜ್ಜಿ ಬಣ್ಣ ಹೋಗಿತ್ತು. ತೊಳೆದರೆ ಹೋಗುವ ಗುರುತುಗಳಲ್ಲ ಎಂದು ಅವನು ತನಗೆ ತಾನೇ ನೆಪ ಹೇಳಿಕೊಂಡು ಸುಮ್ಮನಿದ್ದ.

ಊರಿನ ಕೊನೆಯ ಮನೆ ಅವನದು, ಅದರ ಬೆನ್ನಿಗೇ ಮರ ಕೊಯ್ಯುವ ಮಿಲ್ಲು. ಕರೆಂಟಿನ ಕಂಬಗಳ ಸಾಲೂ ಅಲ್ಲಿಗೇ ಮುಗಿಯುತ್ತಿತ್ತು. ಎಂಟು ವರ್ಷದ ಹಿಂದೆ ಆ ಎಲೆಕ್ಟ್ರಿಕ್ ಕಾರು ಕೊಳ್ಳುವಾಗ ಗಂಡಹೆಂಡತಿ ಕೇಳಿದ್ದು ಎರಡೇ ಮಾತು. ಎಷ್ಟು ದೂರ ಓಡುತ್ತದೆ ಎಂದು ಅವನು, ಯಾವ ಬಣ್ಣ ಇದೆ ಎಂದು ಅವಳು. ಹಿಂದಿನ ಸೀಟಿನ ಕೆಳಗೆ ಮನೆಯ ಸಾಮಾನು ನಡೆಸುವಂಥ ಪ್ಲಗ್ಗೊಂದಿದೆ ಎಂದು ಮಾರುವವನು ತೋರಿಸಿದಾಗ ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿದ್ದಳು. "ಚಹಾ ಕಾಯಿಸೋಕೆ ಇಷ್ಟು ದೊಡ್ಡ ಒಲೆ ಬೇಕಿತ್ತಾ?"

ಆಗ ಅವಳ ಎದೆ ಗಟ್ಟಿಯಿತ್ತು. ಇಪ್ಪತ್ತು ವರ್ಷ ಹಲಗೆ ನಯಮಾಡುವ ಯಂತ್ರದ ಮುಂದೆ ನಿಂತವಳು ಅವಳು. ದಿಮ್ಮಿಯ ಒಂದು ತುದಿ ಅವನು ಎತ್ತಿದರೆ ಇನ್ನೊಂದು ತುದಿ ಅವಳದು. ಒಂದೇ ದಿಮ್ಮಿಗೆ ಹೆಗಲು ಕೊಟ್ಟವರಲ್ಲಿ ನೀವು ತಾವು ಉಳಿಯಲಿಲ್ಲ, ಬರೀ ನೀನು ನಾನು. ಮೂಗಿಗೆ ಬಟ್ಟೆ ಕಟ್ಟಿಕೋ ಎಂದರೆ, "ಕಟ್ಕೊಂಡ್ರೆ ನಿನ್ನ ಬೈಯೋದು ಹೇಗೆ?" ಎನ್ನುತ್ತಿದ್ದಳು. ಮರದ ಧೂಳು ಹಿಟ್ಟಿನಂತೆ ಅವಳ ರೆಪ್ಪೆಯ ಮೇಲೆ ಕೂತಿರುತ್ತಿತ್ತು. ಒಳಗೆ ಎಲ್ಲೆಲ್ಲಿ ಕೂತಿತ್ತೋ ಎಂಬುದು ಆಮೇಲೆ ಆಸ್ಪತ್ರೆಯ ಫೋಟೋದಲ್ಲಿ ಕಂಡಿತು.

ಈಗ ಹಗಲೂ ರಾತ್ರಿ ಮೂಗಿನಲ್ಲಿ ನಳಿಕೆ. ಮಂಚದ ಪಕ್ಕ ಮಿಷನ್ನು ಗುರ್ ಎನ್ನುತ್ತಿರಬೇಕು. ಕರೆಂಟು ಹೋದಾಗ ಅವನು ಅಂಗಳದ ಕಾರಿನಿಂದ ತಂತಿ ಎಳೆದು ಕಿಟಕಿಯೊಳಗೆ ತರುತ್ತಿದ್ದ. ಭಾನುವಾರ ಮಾತ್ರ ಮಿಷನ್ನನ್ನು ಹಿಂದಿನ ಸೀಟಿನಲ್ಲಿ ಮಗುವಿನಂತೆ ಕೂರಿಸಿ, ಬೆಲ್ಟು ಕಟ್ಟಿ, ಅವಳನ್ನು ಮುಂದೆ ಕೂರಿಸಿಕೊಂಡು ಹೊಳೆಯ ತಿರುವಿಗೆ ಹೋಗುತ್ತಿದ್ದ. ಅಲ್ಲೊಂದು ಚಪ್ಪಟೆ ಬಂಡೆ. ನೀರು ಬಂಡೆಯ ಬುಡದಲ್ಲಿದೆಯೋ, ನೆತ್ತಿಯಲ್ಲಿದೆಯೋ ಎಂದು ಅವಳು ನೋಡಬೇಕು, ಅಷ್ಟೆ. ಕಾರಿನಿಂದ ಇಳಿಯುವುದೂ ಇಲ್ಲ. ನೋಡಿ, "ನಡಿ ಇನ್ನು" ಎಂದರೆ ಮುಗಿಯಿತು. ಆ ಒಂದು ನೋಟದ ಮೇಲೆ ಅವಳ ವಾರ ಕಳೆಯುತ್ತಿತ್ತು.

ಹೋದ ಮಳೆಗಾಲದಲ್ಲಿ ಗಾಳಿ ಎದ್ದು ಲೈನಿನ ಮೇಲೆ ಮರಗಳು ಸಾಲಾಗಿ ಮಲಗಿದವು. ಆಪತ್ತಿಗೆಂದು ಮೂಲೆಯಲ್ಲಿಟ್ಟಿದ್ದ ಆಮ್ಲಜನಕದ ಸಿಲಿಂಡರು ಒಂದು ಹಗಲಿಗೆ ಖಾಲಿಯಾಯಿತು. ಕಾರಿನ ಬ್ಯಾಟರಿಗೆ ವಯಸ್ಸಾಗಿತ್ತು, ತುಂಬಿದೆ ಎಂದು ತೋರಿಸಿದರೂ ಅರ್ಧದಷ್ಟೂ ಕಸುವಿರಲಿಲ್ಲ. ಮಾರನೆಯ ದಿನ ಬೆಳಕು ಹರಿಯುವಾಗ ಮಿಷನ್ನು ಉದ್ದಕ್ಕೊಂದು ಸಿಳ್ಳೆ ಹಾಕಿ ನಿಂತಿತು. ರಸ್ತೆಗೆ ಅಡ್ಡ ಬಿದ್ದ ಮರವನ್ನು ಈ ಕಡೆಯಿಂದ ಅವನು ಕೊಯ್ದ. ಆ ಕಡೆಯಿಂದ ಭಾವಮೈದ ಎಲ್ಲಿಂದಲೋ ಸಂಪಾದಿಸಿದ ಸಿಲಿಂಡರನ್ನು ಕೊಂಬೆಗಳ ಸಂದಿಯಲ್ಲಿ ತೂರಿಸಿದ. ಅಷ್ಟರಲ್ಲಿ ಅವಳ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಆ ಸಿಳ್ಳೆ ಅವನ ಕಿವಿಯಿಂದ ಹೋಗಲೇ ಇಲ್ಲ. ಪ್ರೆಷರ್ ಕುಕ್ಕರು ಕೂಗಿದರೂ ಎದ್ದು ಓಡುತ್ತಿದ್ದ.

ಹಾಗಾಗಿ ಹೊಸ ಕಾರು.

ಷೋರೂಮಿನ ಹುಡುಗಿ ತುಂಬ ಚೂಟಿ. ಪರದೆ ಎಷ್ಟು ಅಗಲ, ಹಾಡು ಹೇಗೆ ಕೇಳುತ್ತದೆ, ತಾನೇ ಹೇಗೆ ಪಾರ್ಕ್ ಮಾಡಿಕೊಳ್ಳುತ್ತದೆ ಎಂದು ಶುರುಮಾಡಿದಳು. ಮಿಲ್ಲಿನವನು ತಲೆ ತಗ್ಗಿಸಿ ಕೇಳಿದ. ಆಮೇಲೆ, "ನಿಲ್ಲಿಸಿದ ಕಡೇಲೇ ಎಷ್ಟು ದಿನ ಇರುತ್ತೆ?" ಎಂದ.

"ಸರ್?"

"ಓಡಿಸೋದು ಬೇಡ. ನಿಲ್ಲಿಸಿ, ಪ್ಲಗ್ಗಿಂದ ಒಂದು ಮಿಷನ್ನು ನಡೆಸಬೇಕು. ಎಷ್ಟು ದಿನ ಬರುತ್ತೆ?"

ಬಸ್ಸಿನ ಡ್ರೈವರಾಗಿದ್ದ ಭಾವಮೈದ ಪಕ್ಕದಿಂದ ಹೇಳಿದ, "ನೋಡಮ್ಮ, ಲೋಕದಲ್ಲಿ ಎಲ್ರೂ ಓಡೋ ಕಾರು ಕೇಳ್ತಾರೆ, ನಮ್ಮ ಭಾವ ನಿಂತಿರೋ ಕಾರು ಕೇಳ್ತಾರೆ. ಚಕ್ರ ಬಿಚ್ಚಿಟ್ಕೊಂಡು ಕಡಿಮೆಗೆ ಕೊಡ್ತೀರಾ?"

ಹುಡುಗಿ ನಕ್ಕಳು. ಮಿಲ್ಲಿನವನ ಮುಖ ನೋಡಿ ನಗು ನುಂಗಿಕೊಂಡು ಲೆಕ್ಕ ಹಾಕಿದಳು. ಕೊನೆಗೆ ಎರಡು ಕಾರು ಉಳಿದವು. ಒಂದು ತಗ್ಗಿನದು, ಹಳೆಯದರ ಅಣ್ಣತಮ್ಮನಂತೆ. ಅದರ ಬ್ಯಾಟರಿ ಮಿಷನ್ನನ್ನು ಎರಡು ದಿನ ನಡೆಸೀತು. ಇನ್ನೊಂದು ಎತ್ತರದ್ದು, ಬಾಗಿಲು ತೆರೆದರೆ ಸೀಟು ಅವನ ಸೊಂಟದ ಮಟ್ಟಕ್ಕೆ ಬರುತ್ತಿತ್ತು. ಅದು ಐದು ದಿನಕ್ಕೆ ಮೋಸವಿಲ್ಲ. ತಗ್ಗಿನದರಲ್ಲಿ ದೊಡ್ಡ ಬ್ಯಾಟರಿ ಸಿಗುವುದಿಲ್ಲವೇ ಎಂದು ಮಿಲ್ಲಿನವನು ಎರಡು ಸಲ ಕೇಳಿದ. ಹುಡುಗಿ ಎರಡು ಸಲವೂ ಇಲ್ಲವೆಂದಳು.

"ಮನೆಗೆ ಕಳಿಸ್ತೀನಿ ಸರ್, ಎರಡನ್ನೂ ಮೇಡಮ್ ನೋಡ್ಲಿ."

ತಗ್ಗಿನ ಕಾರು ಅಂಗಳಕ್ಕೆ ಬಂದ ದಿನ ಅವಳು ತಲೆ ಬಾಚಿಕೊಂಡಿದ್ದಳು. ಗೋಡೆ ಹಿಡಿದು, ಬಾಗಿಲ ಚೌಕಟ್ಟು ಹಿಡಿದು, ಗಂಡನ ತೋಳು ಹಿಡಿದು ಬಂದು ಸೀಟಿಗೆ ಬೆನ್ನು ಕೊಟ್ಟಳು, ಕೂತಳು, ಆಮೇಲೆ ಒಂದೊಂದಾಗಿ ಕಾಲು ಒಳಗೆ ಎಳೆದುಕೊಂಡಳು. ಯಾರೂ ಎತ್ತಲಿಲ್ಲ. ಕೂತವಳು ಮುಂದಿನ ಗಾಜಿನಲ್ಲಿ ತನ್ನ ಮಿಲ್ಲನ್ನೇ ಮೊದಲ ಸಲ ಕಂಡವಳಂತೆ ನೋಡಿದಳು.

"ಇದೇ ಇರ್ಲಿ," ಎಂದಳು.

ಎತ್ತರದ್ದು ಬಂದಾಗ ಅವಳು ಬಾಗಿಲ ಬಳಿ ನಿಂತು ಸೀಟನ್ನು ಮೇಲೆ ಕೆಳಗೆ ಅಳೆದಳು. ಒಂದು ಕಾಲು ಎತ್ತಿ ಇಟ್ಟಳು. ಇನ್ನೊಂದು ನೆಲ ಬಿಡಲಿಲ್ಲ. ಉಸಿರು ಸಿಕ್ಕಿಕೊಂಡಿತು. ಗಂಡ ಕಂಕುಳಿಗೆ ಕೈಹಾಕಿ ಎತ್ತಹೋದ. ಎದೆಯ ಮೇಲೆ ಒತ್ತಡ ಬಿದ್ದು ಅವಳು ಕೆಮ್ಮಿದ ಕೆಮ್ಮಿಗೆ ಮಿಲ್ಲಿನ ಸೂರಿನಲ್ಲಿದ್ದ ಪಾರಿವಾಳಗಳು ಹಾರಿಹೋದವು.

"ಮೂಟೆ ಥರ ಎತ್ಬೇಡ ನನ್ನ."

"ಹಲಗೆ ಇಟ್ಟು ಉರುಳಿಸೋಣ್ವಾ ಅಕ್ಕಾ, ದಿಮ್ಮಿ ಉರುಳಿಸ್ತಿದ್ರಲ್ಲ?" ಭಾವಮೈದ ನಗಿಸಲು ನೋಡಿದ. ಅವಳಿಗೆ ನಗು ಬಂದೇ ಬಂತು. ನಕ್ಕಿದ್ದಕ್ಕೆ ಮತ್ತೆ ಕೆಮ್ಮು. ಭಾವಮೈದ ಸಪ್ಪಗೆ ದೂರ ಸರಿದು ನಿಂತ.

ಆ ಸಂಜೆ ಗಂಡ ಮಂಚದ ತುದಿಯಲ್ಲಿ ಕೂತು ಹೇಳಿದ, "ಮೆಟ್ಟಿಲು ಮಾಡ್ತೀನಿ. ತೇಗದ್ದು. ಮೂರು ಮೆಟ್ಟಿಲು, ಗಿಡ್ಡವು. ಹಿಡ್ಕೊಳೋಕೆ ಹಿಡಿಕೆ ಇಡ್ತೀನಿ. ನಿನಗೆ ಗೊತ್ತೇ ಆಗಲ್ಲ."

"ಅಡುಗೆಮನೆ ಹೊಸಿಲು ದಾಟಿದ್ರೆ ಕೂತ್ಕೋಬೇಕು ನಾನು. ಮೂರು ಮೆಟ್ಟಿಲು ಹತ್ತಿಸ್ತೀಯಾ?"

"ಹೋದ್ಸಲ ಕರೆಂಟು ಎಷ್ಟು ದಿನ ಇರ್ಲಿಲ್ಲ, ನೆನಪಿದೆಯಾ?"

"ನೆನಪಿಲ್ದೆ ಏನು? ಒದ್ದಾಡಿದ್ದು ನಾನು."

"ಮತ್ತೆ?"

ಅವಳು ನಳಿಕೆ ಸರಿಮಾಡಿಕೊಂಡಳು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಮಿಷನ್ನು ಗುರ್ ಎನ್ನುತ್ತಿತ್ತು.

"ನೀನು ಗಾಳಿ ಬರೋ ದಿನಕ್ಕೆ ಅಂತ ಕಾರು ತಗೊಳ್ತಿದೀಯ. ಅದು ವರ್ಷಕ್ಕೆ ಎಷ್ಟು ದಿನ ಬರುತ್ತೆ? ನಾನು ಉಳಿದ ದಿನಕ್ಕೆ ಕೇಳ್ತಿದೀನಿ."

"ಆ ಒಂದು ದಿನ ಸಾಕಲ್ಲ."

"ಸಾಕು. ಅದಕ್ಕೇನು ಮಾಡೋಣ? ನನ್ನ ಹಣೆಬರಹ ನಿನ್ನ ಬ್ಯಾಟರೀಲಿದೆಯಾ?" ಕೋಪದಲ್ಲಿ ಕೇಳಿದ್ದಲ್ಲ. ಹಲಗೆ ಸೊಟ್ಟ ಬಂದಿದೆ ನೋಡು ಎಂದು ಹಿಂದೆಲ್ಲ ತೋರಿಸುತ್ತಿದ್ದ ಅದೇ ದನಿ. "ತಗ್ಗಿನದು ತಗೋ. ಎರಡು ದಿನ ನಡೀಲಿ. ಆಮೇಲಿಂದು ಆಮೇಲೆ."

ಅವನು ಎದ್ದು ಹೋಗಿ ಮಿಲ್ಲಿನಲ್ಲಿ ತೇಗದ ತುಂಡುಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತ ಕೂತ. ತುಂಡುಗಳು ಒಂದಕ್ಕೊಂದು ತಾಗುವ ಸದ್ದು ಅವಳಿಗೆ ಕೇಳಿಸಿತು. ಉತ್ತರ ಅಷ್ಟರಲ್ಲೇ ಗೊತ್ತಾಯಿತು. ಗೋಡೆಯ ಕಡೆ ಹೊರಳಿದಳು.

ಎತ್ತರದ ಕಾರು ಬಂತು. ಹಳೆಯದನ್ನು ತೊಳೆಯದೆಯೇ ಕೊಟ್ಟುಬಿಟ್ಟ. ಮೆಟ್ಟಿಲು ಚೆನ್ನಾಗಿ ಬಂದಿತ್ತು. ಮೊಳೆಯಿಲ್ಲದ ಕೆಲಸ, ಅಂಚುಗಳನ್ನು ಕೈಯಲ್ಲೇ ಉಜ್ಜಿ ದುಂಡಗೆ ಮಾಡಿದ್ದ. ಅವಳು ಹಿಡಿಕೆಯ ಮೇಲೆ ಬೆರಳಾಡಿಸಿ, "ನಯವಾಗಿದೆ" ಎಂದಳು. ನಯಮಾಡುವ ಕೆಲಸ ಅವಳದೇ ಆಗಿತ್ತಲ್ಲ, ಅವಳು ಹೇಳಿದರೆ ಅದಕ್ಕೆ ಬೆಲೆ. ಮೊದಲ ಮೆಟ್ಟಿಲು ಹತ್ತಿದಳು. ಎರಡನೆಯದಕ್ಕೆ ನಿಂತಳು. ಅವನು ನಳಿಕೆಯ ಸುರುಳಿ ಹಿಡಿದು ಹಿಂದೆ ನಿಂತಿದ್ದ. ಅವಳು ಬಹಳ ಹೊತ್ತು ನಿಂತು, ಹಿಂದಕ್ಕೆ ಕಾಲಿಟ್ಟು ಇಳಿದು, ಅದೇ ಮೆಟ್ಟಿಲ ಮೇಲೆ ಕೂತಳು.

"ಕೂರೋಕೆ ಚೆನ್ನಾಗಿದೆ," ಎಂದಳು.

ಆಮೇಲೆ ಅವಳು ಹೊಳೆಯ ಮಾತೆತ್ತಲಿಲ್ಲ. ಭಾನುವಾರ ಬಂದರೆ ಬೆಳಿಗ್ಗೆಯಿಂದ ಕಣ್ಣು ಮುಚ್ಚಿ ಮಲಗಿರುತ್ತಿದ್ದಳು. ನಿದ್ದೆ ಬಂದಿದೆ ಎಂದು ಅವನೂ ನಂಬಿದಂತೆ ಮಾಡುತ್ತಿದ್ದ.

ಮಳೆಗಾಲ ಹಿಡಿದ ಮೇಲೆ ಅವನು ಕಾಯುತ್ತಿದ್ದ ಗಾಳಿ ಬಂತು. ಲೈನು ಹರಿಯಿತು, ರಸ್ತೆ ಮುಚ್ಚಿತು. ಮೂರು ದಿನ ಊರು ಕತ್ತಲಲ್ಲಿ ಕೂತಿತ್ತು. ಅಂಗಳದ ಕಾರಿನಿಂದ ಕಿಟಕಿಗೆ ಬಂದ ತಂತಿ ಒಂದು ಕ್ಷಣವೂ ಸೋಲಲಿಲ್ಲ. ಮಿಷನ್ನಿನ ಹಸಿರು ದೀಪ ಕದಲದೆ ಉರಿಯಿತು. ಎರಡನೆಯ ದಿನ ಮುಗಿದು ಮೂರನೆಯದು ಶುರುವಾದಾಗ ಮಿಲ್ಲಿನವನು ಹೊರಗೆ ಹೋಗಿ, ಮಳೆಯಲ್ಲೇ ಕಾರಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತಿದ್ದ. ತಗ್ಗಿನದಾಗಿದ್ದರೆ ಈ ಹೊತ್ತಿಗೆ ಸಿಳ್ಳೆ ಬಿದ್ದಿರುತ್ತಿತ್ತು.

ದಾರಿ ಬಿಟ್ಟ ಮೇಲೆ ಭಾವಮೈದ ಕೆಸರುಗಾಲಲ್ಲೇ ಒಳಗೆ ಬಂದ. "ಗೆದ್ದೆ ಭಾವ ನೀನು! ಅಕ್ಕಾ, ಒಪ್ಕೋ ಈಗ. ಇವ್ನ ಮಾತು ಕೇಳಿದ್ದಕ್ಕೆ ಉಳ್ಕೊಂಡೆ."

"ಒಪ್ಕೊಂಡೆ," ಎಂದಳು ಅವಳು. "ನಾನೇನು ಇಲ್ಲ ಅಂದ್ನಾ? ಉಳ್ಕೊಂಡಿದೀನಿ, ನೋಡು." ಎದುರಿನ ಗೋಡೆಯ ಕಡೆಗೆ ಗಲ್ಲ ಎತ್ತಿ ತೋರಿಸಿದಳು. "ಅದ್ರಲ್ಲಿ ಒಂದು ಬಿರುಕಿದೆ. ಮೊದ್ಲು ಮೂಲೇಲಿತ್ತು, ಈಗ ಗಡಿಯಾರದ ತನಕ ಬಂದಿದೆ."

ಭಾವಮೈದ ಗೋಡೆ ನೋಡಿದ, ಭಾವನನ್ನು ನೋಡಿದ, ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದ.

ಅದಾದ ಭಾನುವಾರ ಅವಳು ತಾನಾಗಿ ಕರೆದಳು.

"ಒಂದು ಕೆಲ್ಸ ಮಾಡ್ತೀಯಾ? ನೀನೇ ಹೋಗಿ ನೋಡ್ಕೊಂಡು ಬಾ. ಇಷ್ಟು ಮಳೆ ಬಂದಿದೆ, ಬಂಡೆ ಮುಳುಗಿದೆಯಾ, ನೆತ್ತಿ ಕಾಣುತ್ತಾ, ನೀರಿನ ಬಣ್ಣ ಏನು. ಸರಿಯಾಗಿ ನೋಡು. ನಂಗೆ ಹೇಳು."

ಭಾವಮೈದನನ್ನು ಅವಳ ಬಳಿ ಕೂರಿಸಿ ಅವನು ಹೊರಟ. ಕರೆಂಟು ಬಂದ ಮೇಲೂ ತೆಗೆಯದೆ ಬಿಟ್ಟಿದ್ದ ಕಿಟಕಿಯ ತಂತಿ ಬಿಚ್ಚಿ, ಸುತ್ತಿ ಕಾರಿನಲ್ಲಿಟ್ಟ. ಪಕ್ಕದ ಸೀಟಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿರಲಿಲ್ಲ, ತಿರುವು ಬಂದಲ್ಲೆಲ್ಲ ಅದು ಚರಪರ ಎನ್ನುತ್ತಿತ್ತು. ಪರದೆಯ ಮೇಲೆ ಬ್ಯಾಟರಿ ಶೇಕಡ ಎಂಬತ್ತಾರು ಎಂದಿತ್ತು. ಏರಿನಲ್ಲಿ ಎಂಬತ್ತೈದಾಯಿತು. ಅವನ ಕಣ್ಣು ರಸ್ತೆಯಿಂದ ಅಂಕಿಗೆ, ಅಂಕಿಯಿಂದ ರಸ್ತೆಗೆ ಓಡಾಡಿತು. ಹೊಳೆಯ ಸದ್ದು ಕೇಳುವಷ್ಟು ಹತ್ತಿರ ಬಂದಾಗ ಗಾಳಿ ಸಣ್ಣಗೆ ಎದ್ದು ರಸ್ತೆಬದಿಯ ಮರಗಳ ತಲೆ ಅಲ್ಲಾಡಿದವು. ಅಷ್ಟೇ, ತಲೆ ಅಲ್ಲಾಡಿದವು. ಕಾರು ಇಲ್ಲಿ, ತಂತಿ ಇಲ್ಲಿ, ಅವಳು ಅಲ್ಲಿ. ಎಂಬತ್ತನಾಲ್ಕು. ಇನ್ನೊಂದು ತಿರುವು ದಾಟಿದ್ದರೆ ಬಂಡೆ ಕಾಣುತ್ತಿತ್ತು. ಅವನು ಗಾಡಿ ತಿರುಗಿಸಿದ.

ಅಂಗಳದ ಜಲ್ಲಿ ಕರಕರ ಎಂದಾಗ ಗಾಳಿ ಆಗಲೇ ನಿಂತಿತ್ತು. ಒಳಗೆ ದೀಪ ಉರಿಯುತ್ತಿತ್ತು, ಮಿಷನ್ನು ಗುರ್ ಎನ್ನುತ್ತಿತ್ತು. ಅವಳು ದಿಂಬಿಗೆ ಒರಗಿ ಎದ್ದು ಕೂತು ಬಾಗಿಲನ್ನೇ ನೋಡುತ್ತಿದ್ದಳು. ಎಷ್ಟೋ ತಿಂಗಳ ಮೇಲೆ ತಲೆ ಬಾಚಿಕೊಂಡಿದ್ದಳು.

"ಬೇಗ ಬಂದೆ," ಎಂದಳು. "ಹೇಳು. ಎಲ್ಲಿದೆ ನೀರು?"

ಅವನು ಬಾಯಿ ತೆರೆದ. ಏನಾದರೊಂದು ಹೇಳಬಹುದಿತ್ತು, ಮುಳುಗಿದೆ ಎಂದೋ, ನೆತ್ತಿ ಕಾಣುತ್ತಿದೆ ಎಂದೋ. ಕಣ್ಣಿಗೆ ಎಂಬತ್ತನಾಲ್ಕು ಬಿಟ್ಟರೆ ಬೇರೇನೂ ಬರಲಿಲ್ಲ.

ಅವಳು ಅವನ ಮುಖ ನೋಡಿ, ದಿಂಬನ್ನು ಕೆಳಗೆ ಸರಿಸಿಕೊಂಡಳು.

"ಆಯ್ತು ಬಿಡು," ಎಂದಳು. "ತಂತಿ ಹಾಕು, ಹೋಗು."

ಅವನು ಹೊರಗೆ ಬಂದು, ಸುತ್ತಿಟ್ಟ ತಂತಿಯನ್ನು ಬಿಡಿಸಿ, ಕಿಟಕಿಯೊಳಗೆ ತೂರಿಸಿದ. ಒಳಗಿನಿಂದ ಅದನ್ನು ಹಿಡಿದು ಎಳೆದುಕೊಂಡದ್ದು ಭಾವಮೈದನ ಕೈ.