ಒಂದು ಕ್ರೋನಾದ ಅಗಲ

ಸೆರಗನ್ನು ಸೊಂಟಕ್ಕೆ ಬಿಗಿದು, ಸ್ವೆಟರಿನ ತೋಳು ಮಡಚಿ, ರಾಜಲಕ್ಷ್ಮಿ ಚಾಪೆಯ ಮೇಲೆ ಬೋರಲು ಮಲಗಿದರು. ಮಗಳು ಕೆಲಸಕ್ಕಿದ್ದ ವಿದೇಶದ ಊರು ನಾರ್‌ಶೋಪಿಂಗ್‌ನ ಹೊರಗಿನ ಆ ಶೂಟಿಂಗ್ ಕ್ಲಬ್ಬಿನಲ್ಲಿ ಸೀರೆ ಉಟ್ಟವರೊಬ್ಬರು ಹೀಗೆ ಮಲಗಿದ್ದು ಅದೇ ಮೊದಲಿರಬೇಕು.

"ಮಂಡಿ ನೋವು ಅಂತಿದ್ದೆ ಬೆಳಗ್ಗೆ," ಎಂದಳು ಮಗಳು ಅದಿತಿ.

"ಅದು ಮೆಟ್ಲು ಹತ್ತೋವಾಗ ಕಣೇ. ಮಲಗಕ್ಕೇನು ನೋವು?"

ಕಾಲೇಜಿನಲ್ಲಿದ್ದಾಗ ಎನ್‌ಸಿಸಿ ಕ್ಯಾಂಪಿನಲ್ಲಿ ತಾನೇ ಬೆಸ್ಟ್ ಶೂಟರ್ ಎಂದು ಅವರು ಎಷ್ಟು ಸಲ ಹೇಳಿದ್ದರೆಂದರೆ, ಮನೆಯಲ್ಲಿ ಯಾರು ಬಡಾಯಿ ಕೊಚ್ಚಿದರೂ 'ಶುರುವಾಯ್ತು ಅಮ್ಮನ ಕ್ಯಾಂಪು' ಎನ್ನುವುದು ರೂಢಿಯಾಗಿತ್ತು. ಈಚೆಗೆ ಅವರಿಗೇ ಒಳಗೊಳಗೆ ಅಳುಕು. ಹೇಳಿ ಹೇಳಿ ತಾನೇ ಉಬ್ಬಿಸಿಬಿಟ್ಟೆನೋ ಏನೋ! ಅದು ಇವತ್ತು ಗೊತ್ತಾಗಬೇಕಿತ್ತು.

ಎದುರಿಗಿದ್ದ ಹೊಸ ರೈಫಲ್, ಪಕ್ಕದಲ್ಲೇ ನಿಂತಿದ್ದ ಅದಿತಿಯ ಸಹೋದ್ಯೋಗಿ ಯೋರಾನ್‌ನದು. ಕಡ್ಡಿಯಷ್ಟು ಸಣ್ಣ ಗುಂಡು, ಆದರೆ ಮಹಾ ವೇಗ. ಒಂದು ಹಾರಿದರೆ ಮುಂದಿನದು ತಾನಾಗಿಯೇ ಒಳಗೆ ಬಂದು ಕೂರುತ್ತದೆ. ರಾಜಲಕ್ಷ್ಮಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಉಸಿರನ್ನು ಅರ್ಧ ಬಿಟ್ಟು ಹಿಡಿದು, ಟ್ರಿಗರ್ ಒತ್ತಿದರು. ಭುಜಕ್ಕೆ ಪೆಟ್ಟೇ ಇಲ್ಲ. ಆದರೆ ಬಲಗೈ ಯಾರನ್ನೂ ಕೇಳದೆ ಮೇಲೆದ್ದು, ಹಳೆಯ ಎನ್‌ಸಿಸಿ ರೈಫಲ್ಲಿಗೆ ಪ್ರತಿ ಗುಂಡಿನ ನಂತರ ಮಾಡುತ್ತಿದ್ದಂತೆ, ಪಕ್ಕದ ಬೋಲ್ಟ್ ಹಿಡಿ ಎಳೆದುಬಿಟ್ಟಿತು. ಹಾರದ ಗುಂಡೊಂದು ಚಾಪೆಯ ಮೇಲೆ ಉರುಳಿತು.

ಯೋರಾನ್ ನಗುತ್ತ ಇಂಗ್ಲಿಷಿನಲ್ಲಿ ಏನೋ ಅಂದ.

"ಬರೀ ಒತ್ತಿದ್ರೆ ಸಾಕಂತೆ ಅಮ್ಮ. ತಾನೇ ಲೋಡ್ ಆಗತ್ತಂತೆ."

"ನಂಗೊತ್ತು. ನನ್ನ ಕೈಗೆ ಹೇಳು."

ಕೈ ಮಾತು ಕೇಳಿತು. ಉಳಿದ ಗುಂಡುಗಳೆಲ್ಲ ಪಟಪಟನೆ ಹಾರಿದವು. ಆಮೇಲೆ ಯೋರಾನ್ ಬಿಚ್ಚಿ ತಂದ ಗುರಿಯ ಕಾಗದದಲ್ಲಿ ನಡುವಿನ ಕಪ್ಪು ವೃತ್ತ ಒಂದು ತೂತೂ ಇಲ್ಲದೆ ಹಾಗೇ ಇತ್ತು. ಅದಿತಿಯ ಮುಖ ಸಣ್ಣದಾಯಿತು.

"ಕಪ್ಪಿಗೆ ಒಂದೂ ಬಿದ್ದಿಲ್ಲ. ಪರ್ವಾಗಿಲ್ಲ ಬಿಡಮ್ಮ..."

"ಕಪ್ಪು ಯಾಕೆ ನೋಡ್ತೀಯ? ಗ್ರೂಪಿಂಗ್ ನೋಡು, ಎಲ್ಲಾ ಎಷ್ಟು ಒತ್ತಾಗಿ ಬಿದ್ದಿದೆ ಅಂತ! ಕ್ಯಾಂಪಲ್ಲಿ ನಮಗೆ ಅದಕ್ಕೇ ಮಾರ್ಕ್ಸು."

ಯೋರಾನ್ ಆಗಲೇ ಕಾಗದದ ಕೆಳಗಿನ ಎಡಮೂಲೆಯನ್ನು ನೋಡುತ್ತಿದ್ದ. ಜೇಬಿನಿಂದ ನಮ್ಮ ರೂಪಾಯಿಯಷ್ಟೇ ಅಗಲದ ಒಂದು ಕ್ರೋನಾ ನಾಣ್ಯ ತೆಗೆದು ಅಲ್ಲಿಟ್ಟ. ಮೊದಲ ಗುಂಡಿನದೂ ಸೇರಿ ಎಲ್ಲ ತೂತುಗಳೂ ಅದರಡಿ ಮುಚ್ಚಿಹೋದವು.

"ರೈಫಲ್ ಮೇಲಿನ ದುರ್ಬೀನನ್ನ ಅವನಿನ್ನೂ ಗುರಿಗೆ ಸೆಟ್ ಮಾಡಿರ್ಲಿಲ್ವಂತೆ," ಅದಿತಿಯ ದನಿ ಏರಿತು. "ತಪ್ಪು ರೈಫಲ್ದಂತೆ, ನಿಂದಲ್ವಂತೆ!"

ಎಷ್ಟೋ ವರ್ಷಗಳಿಂದ ನಗದಷ್ಟು ಜೋರಾಗಿ ನಕ್ಕರು ರಾಜಲಕ್ಷ್ಮಿ. ಅಷ್ಟು ಖುಷಿಯಾಗಿತ್ತು ಅವರಿಗೆ.

ವಾಪಸು ಬಸ್ಸಿನಲ್ಲಿ ಅದಿತಿ ಕಾಗದವನ್ನು ಸುರುಳಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಳು.

"ಅಮ್ಮಾ, ಆ ಕ್ಯಾಂಪಿಂದು ಮೊದಲಿಂದ ಹೇಳು."

ರಾಜಲಕ್ಷ್ಮಿ ಶುರುಮಾಡಿದರು. ಮಾತಿನ ನಡುವೆ ಬಲಗೈ ಮೇಲೆದ್ದು ಗಾಳಿಯಲ್ಲೇ ಬೋಲ್ಟ್ ಎಳೆಯಿತು. ಅದಿತಿ ಕಿಟಕಿಯತ್ತ ಸ್ವಲ್ಪ ಸರಿದು, ಆ ಕೈಗೆ ಜಾಗ ಬಿಟ್ಟಳು.